ಊಟಕ್ಕೆ ಮುಂಚಿನ ಮಾತು

ಕೋಟೆ ಸೀಮೆಯ ಆ ಊರಿನ ಹಾಲಿನ ಡೇರಿ ವರ್ಷಕ್ಕೊಮ್ಮೆ ಸದಸ್ಯರನ್ನೆಲ್ಲ ಸೇರಿಸಿ ಸಭೆ ಮಾಡುತ್ತದೆ. ಅದರಲ್ಲಿ ಪ್ರಿಯಾಳಿಗೆ ಸಿಕ್ಕಿದ್ದು ಕಟ್ಟಕಡೆಯ ಸರದಿ. ಶಾಮಿಯಾನದ ಹಿಂದೆ ಅಡುಗೆಯ ಕುಳ್ಳಯ್ಯನ ಬಾಡೆಸರು, ಮಾಂಸದ ಸಾರು, ಕುದಿಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದ ಮೇಲೆ ಯಾರ ಕಿವಿ ವೇದಿಕೆಯ ಕಡೆಗಿರುತ್ತದೆ?

ಅವಳು ಕೇಳಬೇಕಾದದ್ದು ಒಂದೇ. ನಸುಕಿನ ಕತ್ತಲಲ್ಲಿ ಡೇರಿಗೆ ಕ್ಯಾನು ಹೊತ್ತು ಬರುತ್ತಿದ್ದ ಅವಳ ಅತ್ತೆ ಬೀರಮ್ಮನ ಮೇಲೆ ಕಾಲುವೆ ಏರಿಯಲ್ಲಿ ಚಿರತೆ ಎರಗಿತ್ತು. ಜೀವ ಉಳಿಯಿತು, ಬಲಗೈ ಇನ್ನೂ ಮೇಲೇಳುತ್ತಿಲ್ಲ. ಈಗ ಅದೇ ದಾರಿಯಲ್ಲಿ ಪ್ರಿಯಾಳೇ ಬರಬೇಕು. ಹಾಲು ಅಳೆಯುವುದನ್ನು ಬೆಳಕು ಹರಿದ ಮೇಲೆ ಶುರುಮಾಡಿ, ಅಷ್ಟೆ. ಇವತ್ತು ಆಗದಿದ್ದರೆ ಇನ್ನೊಂದು ವರ್ಷ ಕಾಯಬೇಕು.

ವಾರದಿಂದ ಹಸುವಿನ ಮುಂದೆ ನಿಂತು ಅಭ್ಯಾಸ ಮಾಡಿದ್ದಳು. "ವೇದಿಕೆ ಮೇಲಿನ ಗಣ್ಯರೇ" ಎಂದು ಮೈಕಿನಲ್ಲಿ ಹೇಳುತ್ತಲೇ ಮುಂದಿನ ಸಾಲು ಫೋನು ತೆಗೆಯಿತು. "ಮಾನವ ಮತ್ತು ಕಾಡುಪ್ರಾಣಿಗಳ ಸಂಘರ್ಷ" ಎಂದಾಗ ಯಾರೋ ಬಾಯಿಬಿಟ್ಟು ಆಕಳಿಸಿದರು.

"ಬಾಡು ಬೆಂದದೆ, ಬ್ಯಾಗ ಮುಗ್ಸವ್ವಾ!" ಹಿಂದಿನಿಂದ ಕೂಗು. ನಗು.

ಅಧ್ಯಕ್ಷ ಚಿಕ್ಕಬಸಪ್ಪ ಪಟಪಟನೆ ಚಪ್ಪಾಳೆ ತಟ್ಟಿದ. ಸಭೆಯೆಲ್ಲ ತಟ್ಟಿತು.

"ಬಾಳ ಚೆಂದಾಗಿ ಮಾತಾಡ್ದೆ ಕಣ್ ಮಗ, ಕೂತ್ಕೊ."

ಪ್ರಿಯಾಳ ಕಿವಿ ಬಿಸಿಯಾದವು. ಚಪ್ಪಾಳೆ ತಟ್ಟಿ ಬಾಯಿ ಮುಚ್ಚಿಸುತ್ತಾರೆ! ಬೆಳಗಿನಿಂದ ಇವರು ಒಂದು ವಿಷಯಕ್ಕೂ ಕೈ ಎತ್ತಿಸಿರಲಿಲ್ಲ. ಅಧ್ಯಕ್ಷನ ಹೊಸ ಕೊಠಡಿಯೂ ಬರೀ ಚಪ್ಪಾಳೆಯಲ್ಲೇ ಪಾಸಾಗಿತ್ತು. ಅವಳು ಮೈಕು ಬಿಡಲಿಲ್ಲ.

"ಕಾರ್ಯದರ್ಶಿಗಳೇ, ಬರ್ಕೊಳಿ. ಇನ್ಮೇಲೆ ಬೆಳಕಾದ್ ಮ್ಯಾಲೇ ಆಲು ಅಳೆಯೋದು. ಸಭೆ ಚಪ್ಪಾಳೆ ತಟ್ಟಿ ಒಪ್ಕೊಂಡದೆ."

ಕಾರ್ಯದರ್ಶಿ ಮಲ್ಲೇಶ್ ಅಧ್ಯಕ್ಷನ ಮುಖ ನೋಡಿದ.

"ಏಯ್, ಅದು ಒಪ್ಪಿಗೆ ಚಪ್ಪಾಳೆ ಅಲ್ಲ ಕಣವ್ವ!" ಚಿಕ್ಕಬಸಪ್ಪ ಎದ್ದೇಬಿಟ್ಟ.

"ಮತ್ಯಾವ್ದು? ಬಾಯ್ಮುಚ್ಚು ಅನ್ನೋ ಚಪ್ಪಾಳೆಯಾ? ಅಂಗಾದ್ರೆ ನಿಮ್ ಕೊಠಡಿಗೆ ತಟ್ಟಿದ್ದು ಯಾವ್ದು, ಏಳಿ!"

ಫೋನುಗಳು ಜೇಬಿಗೆ ಹೋದವು. ಕುಳ್ಳಯ್ಯ ಸೌಟು ಹಿಡಿದೇ ಇಣುಕಿದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದೊಡನೆ ಪ್ರಿಯಾ ಗಾಬರಿಯಾದಳು. ಬರೆದುಕೊಂಡು ಬಂದದ್ದೆಲ್ಲ ಮರೆತುಹೋಯಿತು. ಸಿಟ್ಟೊಂದೇ ಉಳಿಯಿತು.

"ನಮ್ಮತ್ತೆ ರಕ್ತದಲ್ಲಿ ಬಿದ್ದಿದ್ರು. ಓಡ್ ಬಂದೋರು ಮೊದ್ಲು ಏನ್ ಕೇಳಿದ್ರು ಗೊತ್ತಾ? ಆಲೆಲ್ಲ ಚೆಲ್ಲೋಯ್ತಾ ಅಂತ! ಜವರಯ್ಯಣ್ಣ, ನೀನೇ ಕೇಳಿದ್ದು. ನಾಳೆ ನಿನ್ನೆಂಡ್ತಿ ಬಿದ್ರೆ ನಾನೂ ಅದ್ನೇ ಕೇಳ್ಲಾ?"

ಹೆಂಗಸರ ಸಾಲಿನಿಂದ ಜವರಯ್ಯನ ಹೆಂಡತಿ ಎದ್ದು ಕೈ ಎತ್ತಿದಳು.

"ಕತ್ಲಲ್ಲಿ ನಾನಂತೂ ಬರಾಕಿಲ್ಲ. ಆಲಿನ ಲಾರಿ ಬೇಕಾದ್ರೆ ಕಾಯ್ಲಿ."

ಅವಳ ಪಕ್ಕದವಳು ಎತ್ತಿದಳು, ಅವಳ ಹಿಂದಿನವಳು. ಕೊನೆಗೆ ಗಂಡಸರೂ.

"ಬರ್ಕೊ ಕಣ್ಲಾ ಮಲ್ಲೇಶ, ಇನ್ನೇನ್ ನೋಡ್ತೀಯಾ," ಚಿಕ್ಕಬಸಪ್ಪ ಗದರಿದ.

ಊಟದ ಪಂಕ್ತಿಯಲ್ಲಿ ಯಾರೋ ಹಲ್ಲು ಕಿರಿದರು. "ಏನ್ ಭಾಷಣ ತಾಯಿ! ಎಲೆಕ್ಷನ್ನಿಗೆ ನಿಂತ್ಕೊ."

"ಮೊದ್ಲೇ ಕಿವಿ ಕೊಟ್ಟಿದ್ರೆ ಇಷ್ಟು ಅರಚ್ತಿರ್ಲಿಲ್ಲ," ಎಂದಳು ಪ್ರಿಯಾ. ಮುದ್ದೆ ಮುರಿದು ಸಾರಿಗೆ ಅದ್ದಿದಳು.