ಕಪಾಟಿನಲ್ಲಿದ್ದ ಹಳದಿ ಕೋಟು

ಬೆಳಕು ಸರಿಯಾಗಿ ಹರಿಯುವ ಮೊದಲೇ ಆ ಮನೆಯಿಂದ ಇಬ್ಬರೂ ಕೆಲಸಕ್ಕೆ ಹೊರಡುತ್ತಿದ್ದರು. ಗಂಡ ಬಸ್ ಡ್ರೈವರ್, ಹೆಂಡತಿ ರಸ್ತೆ ಗುಡಿಸುವವಳು. ಕೆಲಸಕ್ಕೆಂದು ಕೊಟ್ಟ ಹೊಳೆಯುವ ಹಳದಿ ಕೋಟು ಅವಳ ಕಪಾಟಿನಲ್ಲಿ ಮಡಿಸಿಟ್ಟಂತೆಯೇ ಇತ್ತು. ಮೈಮೇಲಿದ್ದದ್ದು ಗಂಡನ ಹಳೇ ಕಪ್ಪು ಕೋಟು.

“ಧೂಳಲ್ಲಿ ಹೊಸದು ಹಾಳಾಗಲ್ವೇನ್ರೀ? ಇದು ಬೆಚ್ಚಗಿದೆ, ಅದೂ ನಿಮ್ಮ ಕೋಟು,” ಎನ್ನುತ್ತಿದ್ದಳು.

ಆ ಮಾತಿಗೆ ಅವನು ಕರಗಿ ನೀರಾಗುತ್ತಿದ್ದ. ಸಾಲದ್ದಕ್ಕೆ ಅವನ ಬಸ್ಸಿಗೆ ಹೊಸ ಕ್ಯಾಮೆರಾ ಬಂದಿತ್ತು. “ಮುಂದೆ ಮನುಷ್ಯರು ಬಂದ್ರೆ ಅದೇ ಗುರುತು ಹಿಡಿದು ಕೂಗುತ್ತೆ ಕಣೇ. ನಿನಗ್ಯಾಕೆ ಹಳದಿ ಬಣ್ಣ?” ಎಂದು ಜಂಭ ಕೊಚ್ಚುತ್ತಿದ್ದ.

ಒಂದು ಮುಂಜಾನೆ ಡಿಪೋದಲ್ಲಿ ಕ್ಯಾಮೆರಾದ ಪರೀಕ್ಷೆ. ಗೇಟಿನ ಹತ್ತಿರ ಗುಡಿಸುತ್ತಿದ್ದ ಅವನ ಹೆಂಡತಿಯನ್ನು ಮೆಕ್ಯಾನಿಕ್ ಹುಡುಗಿ ಕರೆದಳು. “ಅಕ್ಕಾ, ನಿಂತಿರೋ ಈ ಬಸ್ಸಿನ ಮುಂದೆ ಸ್ವಲ್ಪ ನಡೀರಿ.”

ಅವಳು ನಡೆದಳು. ಬಸ್ಸಿನೊಳಗಿನ ಪರದೆಯ ಮೇಲೆ ಅವಳ ಸುತ್ತ ಹಸಿರು ಚೌಕ ಮೂಡಿತು, ಪೀಂ ಪೀಂ ಸದ್ದಾಯಿತು. ಡ್ರೈವರ್ ಸೀಟಿನಲ್ಲಿ ಕೂತಿದ್ದ ಗಂಡ ಮೀಸೆ ತಿರುವಿದ.

“ಈಗ ಅಲ್ಲೇ ನಿಮ್ಮ ಕೆಲಸ ಮಾಡಿ, ಅಕ್ಕಾ.”

ಅವಳು ಪೊರಕೆ ಹಿಡಿದು ಬಗ್ಗಿದಳು. ಚೌಕ ಮಾಯವಾಯಿತು, ಸದ್ದೂ ನಿಂತಿತು. ಆ ಮಬ್ಬಿನಲ್ಲಿ ಗಾಜಿನಾಚೆ ಅವಳ ಕಪ್ಪು ಕೋಟು ನೆಲದೊಂದಿಗೆ ಬೆರೆತು, ಅವನ ಕಣ್ಣಿಗೂ ಕಪ್ಪು ನೆಲವಷ್ಟೇ ಕಂಡಿತು. ಅವನು ಮೆಕ್ಯಾನಿಕ್ ಹುಡುಗಿಯತ್ತ ತಿರುಗಿದ.

“ಕೆಟ್ಟುಹೋಯ್ತೇನಮ್ಮಾ?”

“ಕೆಟ್ಟಿಲ್ಲಣ್ಣ. ಮನುಷ್ಯರು ಹೇಗಿರ್ತಾರೆ ಅಂತ ಇದಕ್ಕೆ ರಾಶಿ ರಾಶಿ ಚಿತ್ರ ತೋರಿಸಿ ಕಲಿಸಿರ್ತಾರೆ. ಅದರಲ್ಲಿ ನೆಟ್ಟಗೆ ನಡೆಯೋರೇ ಜಾಸ್ತಿ. ಬಗ್ಗಿದೋರು, ಕೂತೋರು, ಗಾಡಿ ಮರೇಲಿರೋರು ಕೆಲವು ಸಲ ತಪ್ಪಿಹೋಗ್ತಾರೆ. ಇದು ಸಹಾಯಕ್ಕೆ ಅಷ್ಟೇ. ನೋಡಬೇಕಾದೋರು ನೀವೇ.”

ಮರುದಿನ ಕಪಾಟಿನಿಂದ ಹಳದಿ ಕೋಟು ತೆಗೆದು ತಾನೇ ಅವಳಿಗೆ ತೊಡಿಸಿ ಗುಂಡಿ ಹಾಕಿದ.

“ಕೊಳೆಯಾಗುತ್ತೆ ರೀ!”

“ಆಗಲಿ. ದಿನಾ ನಾನೇ ಒಗೀತೀನಿ. ನೀನಿದ್ರೆ ಸಾಕು ಕಣೇ ನನಗೆ.”

ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. “ಹಾಗಾದ್ರೆ ನೀವೂ ನಿಧಾನವಾಗಿ ಓಡಿಸಬೇಕು. ಬರೀ ಕೋಟು ಹಾಕಿಸಿದ್ರೆ ಆಗಲ್ಲ.”

“ಆಯ್ತು ಮಹಾರಾಯ್ತಿ.”

ಆ ಬೆಳಗ್ಗೆ ಬಸ್ಸು ಅವಳ ಬೀದಿಗೆ ತಿರುಗಿದಾಗ ಅವಳು ಬಗ್ಗಿ ಗುಡಿಸುತ್ತಿದ್ದಳು. ಕ್ಯಾಮೆರಾ ಅವತ್ತೂ ತುಟಿಪಿಟಕ್ಕೆನ್ನಲಿಲ್ಲ. ದೂರದಿಂದಲೇ ಹಳದಿ ಮಿಂಚಿತು. ಅವನು ಬ್ರೇಕ್ ಒತ್ತಿ, ಅವಳು ಬದಿಗೆ ಸರಿಯುವವರೆಗೂ ಕಾದ.

ಡ್ರೈವರ್ ಅಣ್ಣಂದಿರೇ, ಕ್ಯಾಮೆರಾ ಕೂಗಲಿಲ್ಲವೆಂದು ರಸ್ತೆ ಖಾಲಿಯಿದೆ ಎಂದುಕೊಳ್ಳಬೇಡಿ. ಕಣ್ಣು ರಸ್ತೆಯ ಮೇಲಿರಲಿ, ಬಸ್ಸು ನಿಧಾನವಾಗಿರಲಿ. ರಸ್ತೆಯಲ್ಲಿ ದುಡಿಯುವ ಅಕ್ಕ-ಅಣ್ಣಂದಿರೇ, ನಿಮ್ಮ ಹೊಳೆಯುವ ಕೋಟನ್ನು ಇವತ್ತೇ ಕಪಾಟಿನಿಂದ ತೆಗೆದು ತೊಡಿ. ಕೊಳೆ ತೊಳೆದರೆ ಹೋಗುತ್ತದೆ. ನೀವು ಮನೆಗೆ ಬರಬೇಕು.