ಎದೆಯೊಳಗಿನ ಸಪ್ಪಳ

"ಉಸರ ಹಿಡೀರಿ... ಹಾಂ, ಬಿಡ್ರಿ."

ಜಮಖಂಡಿಯ ಡಾಕ್ಟರು ಎದೆಗೊಮ್ಮೆ ಬೆನ್ನಿಗೊಮ್ಮೆ ನಳಿಗೆ ಇಟ್ಟು ಕೇಳುತ್ತಲೇ ಇದ್ದರು. ತಂಗೆವ್ವ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಇವರು ಹೇಳುವುದು ಅವಳಿಗೇನು ಹೊಸದೇ? ಸಣ್ಣವಳಿದ್ದಾಗ ಜ್ವರ ಬಂದು ಮಲಗಿದ್ದವಳ ಎದೆಗೆ ಊರ ವೈದ್ಯ ಕಿವಿ ಹಚ್ಚಿದ್ದ. ಒಳಗೆ ಸುಂಯ್ ಎನ್ನುವ ಸಪ್ಪಳ. "ಈ ಕೂಸಿಗೆ ಭಾರ ಹೊರಸಬ್ಯಾಡ್ರಿ, ಲಗ್ನಾ ಮಾಡಬ್ಯಾಡ್ರಿ. ಒಂದು ಹೆರಿಗಿ ತಾಳೂದಿಲ್ಲ" ಎಂದು ಹೇಳಿ ಎದ್ದುಹೋಗಿದ್ದ.

ಅಂದಿನಿಂದ ಅವಳ ಪಾಲಿಗೆ ಬಂದದ್ದು ಕೂತು ಉಣ್ಣೆ ನೂಲುವ ಕೆಲಸ. ಅವಳು ನೂತ ನೂಲಿನ ಕಂಬಳಿಗಳ ಮೇಲೆ ಕೂತು ಊರಿನ ಹುಡುಗಿಯರೆಲ್ಲ ಮದುವೆಯಾದರು. ಇವತ್ತು ಹೋದಾಳು, ನಾಳೆ ಹೋದಾಳು ಎನ್ನುತ್ತಲೇ ಅವ್ವ ಹೋದಳು, ಅಪ್ಪ ಹೋದ, ಆ ವೈದ್ಯನೂ ಹೋದ. ಸಂಸ್ಥಾನವೇ ಹೋಗಿ ಮುಂಬಯಿ ಸರಕಾರ ಬಂತು. ಹೋಗಬೇಕಾದವಳು ಮಾತ್ರ ತಲೆ ನರೆತರೂ ಕೂತೇ ಇದ್ದಳು. ಈ ಸಲ ಜ್ವರ ಇಳಿಯದಾದಾಗ ತಮ್ಮ ಜಕ್ಕಪ್ಪ ಹೆದರಿ ಅವಳನ್ನು ಬಸ್ಸು ಹತ್ತಿಸಿದ್ದ.

ಡಾಕ್ಟರು ನಳಿಗೆಯನ್ನು ಕೊರಳಿಗೆ ಹಾಕಿಕೊಂಡರು. "ಜ್ವರಕ್ಕ ಗುಳಿಗಿ ಕೊಡತೇನಿ. ಎದ್ಯಾಗ ಸಪ್ಪಳ ಐತಿ, ಖರೆ. ಕೆಲವರಿಗೆ ಹುಟ್ಟಿದಾಗಿಂದ ಇರತೈತಿ, ರಕ್ತ ಹರಿಯೂದರ ಸಪ್ಪಳ ಅದು. ಗುಂಡಿಗಿ ಗಟ್ಟಿ ಐತಿ. ಏನೂ ಆಗೂದಿಲ್ಲ."

"ನೀರ ಹೊರಬಹುದೇನ್ರಿ?"

"ಜ್ವರ ಬಿಡ್ಲಿ, ಆಮ್ಯಾಲ ಹೊರ್ರಿ. ಯಾರ ಬ್ಯಾಡಂದ್ರು?"

ತಂಗೆವ್ವ ಸೆರಗು ಸರಿ ಮಾಡಿಕೊಂಡಳು. "ಹಡೀಬಹುದಿತ್ತೇನ್ರಿ?"

ಡಾಕ್ಟರು ಅವಳ ನರೆಗೂದಲನ್ನು ನೋಡಿದರು. "ಹಡೀಬಹುದಿತ್ತವಾ" ಎಂದರು.

ಹೊರಗೆ ಬಂದ ಜಕ್ಕಪ್ಪನಿಗೆ ಹಿಗ್ಗೋ ಹಿಗ್ಗು. "ಛಲೋ ಆತು ನೋಡ ಅಕ್ಕಾ! ಊರಿಗಿ ಹೋಗಿ ಬೀರಪ್ಪಗ ಕಾಯಿ ಒಡಸೂಣು."

ತಂಗೆವ್ವನ ಮೈಯೆಲ್ಲ ಉರಿಯಿತು. "ಒಡಸು. ನನ್ನ ಹರೇದ ದಿನಾ ಎಲ್ಲಿ ಇಟ್ಟಾನಂತ ಅದನ್ನೂ ಕೇಳಿ ಬಾ."

ಪಾಪ, ಅವನದೇನು ತಪ್ಪು?

ಜ್ವರ ಬಿಟ್ಟಿತು. ಒಂದು ಮುಂಜಾನೆ ಜಕ್ಕಪ್ಪನ ಹೆಂಡತಿ ಮರೆವ್ವ ಹೊಳೆಗೆ ಹೊರಟಾಗ ತಂಗೆವ್ವನೂ ಒಂದು ಕೊಡ ಎತ್ತಿಕೊಂಡಳು.

"ನೀವ್ಯಾಕ್ರೀ ಅಕ್ಕಾರ? ನಾ ತರತೇನಿ, ಬಿಡ್ರಿ."

"ನಡಿ ಬೇ, ಡಾಕ್ಟರ ಹೇಳ್ಯಾರ."

ಕೃಷ್ಣೆಯಲ್ಲಿ ಕೊಡ ತುಂಬಿ ಸೊಂಟಕ್ಕೆ ಇಟ್ಟುಕೊಂಡಳು. ದಂಡೆಯ ಏರು ಅರ್ಧಕ್ಕೆ ಬರುವಷ್ಟರಲ್ಲಿ ತೋಳು ಸೋತಿತು. ಕೊಡ ಇಳಿಸಿ ಕೂತುಬಿಟ್ಟಳು. ಕೈ ರೂಢಿಯಂತೆ ಎದೆಗೆ ಹೋಯಿತು. ಎದೆ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಿತ್ತು.

ಮರೆವ್ವ ಗಾಬರಿಯಾದಳು. "ಅಯ್ಯ ಯವ್ವಾ, ಎದಿ ಹಿಡೀತೇನ್ರಿ?"

"ಎದಿ ಅಲ್ಲ ಬೇ, ತೋಳು. ಎಂದಾರ ನೀರ ಹೊತ್ತಿದ್ರ ಅಲ್ಲೇನು ಗಟ್ಟಿ ಇರೂದು?"

ಮರೆವ್ವನ ಸೊಂಟದ ಮೇಲಿನ ಕೊಡದಿಂದ ಒಂದು ಹನಿಯೂ ತುಳುಕಿರಲಿಲ್ಲ.

ತಂಗೆವ್ವ ಕೊಡವನ್ನು ಓರೆ ಮಾಡಿ ಅರ್ಧ ನೀರು ಚೆಲ್ಲಿದಳು. ಉಳಿದರ್ಧವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು.