ಕುತ್ತಿಗೆಯಲ್ಲೊಂದು ಗೆರೆ

ರಜೆಯ ದಿನ ಬೆಳಿಗ್ಗೆ ಸೊಸೆ ಚಹಾ ಹಿಡಿದುಕೊಂಡು ಹೋದಾಗ ಅತ್ತೆ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದರು. ಕನ್ನಡಕ ಹಣೆಯ ಮೇಲೆ ಏರಿತ್ತು. ಹಿಂದಿನ ಲೋಟ ಮೇಜಿನ ಮೇಲೆ ಕೆನೆಗಟ್ಟಿ ಕೂತಿತ್ತು.

"ಇಲ್ಲಿ ಬಾ, ಇವಳನ್ನ ನೋಡು. ಯಾರದೋ ಮೈಮೇಲೆ ಇವಳ ತಲೆ ತಂದು ಕೂರಿಸಿದ ಹಾಗಿಲ್ವಾ?" ಎಂದರು.

ಪರದೆಯ ಮೇಲಿದ್ದವಳು ಅತ್ತೆ ಆಡುವ ಆಟದ ಹೆಂಗಸು. ಆ ಆಟದಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ರೂಪದ ಒಂದು ಪಾತ್ರ ಮಾಡಿಕೊಂಡು, ಅದರ ಕಾಲಲ್ಲಿ ನಡೆದು ಲೋಕ ಸುತ್ತಬೇಕು. ಬೇರೆಯವರು ಕತ್ತಿ ಹಿಡಿದ ಕಟ್ಟುಮಸ್ತಾದ ತರುಣ ತರುಣಿಯರನ್ನು ಮಾಡಿಕೊಂಡರೆ ಅತ್ತೆ ತಮ್ಮ ವಯಸ್ಸಿನವಳನ್ನೇ ಮಾಡಿಕೊಂಡಿದ್ದರು. ನೆರೆತ ಕೂದಲು, ಕಣ್ಣಿನ ಸುತ್ತ ಸುಕ್ಕು, ಗೋಧಿಬಣ್ಣದ ಮುಖ. ಗಟ್ಟಿಗಿತ್ತಿ ಎಂದು ಹೆಸರಿಟ್ಟಿದ್ದರು. ಹೆಸರಿಗಷ್ಟೇ ಗಟ್ಟಿಗಿತ್ತಿ, ಯಾರ ಮೇಲೂ ಕೈ ಎತ್ತಿದವಳಲ್ಲ. ಬೆಟ್ಟ ಹತ್ತುವುದು, ಗಿಡಮೂಲಿಕೆ ಕೀಳುವುದು, ಗುಹೆಯೊಳಗೆ ಇಣುಕುವುದು, ತೋಳ ಬಂದರೆ ಬಿದ್ದಂಬೀಳ ಓಡುವುದು, ಇಷ್ಟೇ ಅವಳ ದಿನಚರಿ.

ಈಗ ನೋಡಿದರೆ ಗಟ್ಟಿಗಿತ್ತಿಯ ಮುಖ ಮಾತ್ರ ಗೋಧಿಬಣ್ಣದಲ್ಲಿತ್ತು. ಗದ್ದದ ಕೆಳಗೆ ದಾರ ಕಟ್ಟಿದ ಹಾಗೆ ಒಂದು ಗೆರೆ. ಆ ಗೆರೆಯಿಂದಾಚೆ ಕುತ್ತಿಗೆ, ತೋಳು, ಕೈ ಎಲ್ಲ ಸುಣ್ಣ ಬಳಿದಂತೆ ಬಿಳಿಚಿಕೊಂಡಿದ್ದವು.

ಸೊಸೆಗೆ ನಗು ಬಂತು. ನಗಬಹುದೋ ಇಲ್ಲವೋ ಎಂದು ಒಂದು ಕ್ಷಣ ತಡೆದಳು. ಮದುವೆಯಾಗಿ ಈ ಮನೆಗೆ ಬಂದು ಎರಡನೆಯ ವರ್ಷ ನಡೆಯುತ್ತಿತ್ತು. ಅತ್ತೆ ಸೊಸೆಯರ ನಡುವೆ ಜಗಳವಿರಲಿಲ್ಲ, ಮಾತೂ ಅಷ್ಟಕ್ಕಷ್ಟೇ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಬಟ್ಟೆ ಒಣಗಿದ್ಯಾ. ಅಪರೂಪದ ನೆಂಟರನ್ನು ನೋಡಿಕೊಳ್ಳುವ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಗಂಡ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ಸುದ್ದಿ ಓದಲಿ ಎಂದು ತಾಯಿಯ ಕೋಣೆಯಲ್ಲಿಟ್ಟಿದ್ದ. ಅದರಲ್ಲಿ ಅವನು ಅಳಿಸದೆ ಬಿಟ್ಟಿದ್ದ ಆಟ ಅತ್ತೆಯ ಕಣ್ಣಿಗೆ ಬಿದ್ದಿತ್ತು. ಸುದ್ದಿ ಅಲ್ಲಿಗೇ ನಿಂತಿತು.

"ನಿನ್ನೆ ಏನಾದ್ರೂ ಹೊಸದು ಹಾಕಿದ್ರಾ?"

"ಮೂರ್ನಾಲ್ಕು ಮಾಡ್ ಹಾಕ್ದೆ."

"ಏನು ಮಾಡಕ್ಕೆ?"

"ಮಾಡಕ್ಕಲ್ಲ ಮಾರಾಯ್ತಿ, ಮಾಡ್. ಆಟಕ್ಕೆ ಹೊರಗಿನವರು ಮಾಡಿ ಸೇರಿಸೋ ತುಣುಕು. ಒಬ್ಬ ಹೊಸ ಮರ ಮಾಡ್ತಾನೆ, ಇನ್ನೊಬ್ಬ ಒಳ್ಳೆ ಮಳೆ ಮಾಡ್ತಾನೆ. ನಾವು ಬೇಕಾದ್ದು ಇಳಿಸ್ಕೊಂಡು ಹಾಕ್ಕೋಬೇಕು."

ಅಷ್ಟರಲ್ಲಿ ಹಲ್ಲುಜ್ಜುತ್ತ ಬಂದ ಗಂಡ ಬಾಗಿಲಲ್ಲೇ ನಿಂತು ನೋಡಿದ. "ಎಲ್ಲಾ ಅಳಿಸಿ ಮೊದಲಿಂದ ಹಾಕಮ್ಮ, ತಲೆನೋವೇ ಇರಲ್ಲ."

"ತಲೆನೋವು ಹೋಗುತ್ತೆ. ಯಾಕೆ ಬಂತು ಅಂತ ಗೊತ್ತಾಗಲ್ವಲ್ಲ," ಎಂದರು ಅತ್ತೆ.

ಅವನು ಬಾಯಿ ತುಂಬ ನೊರೆ ಇಟ್ಟುಕೊಂಡು ಏನೋ ಹೇಳಿ ಹೊರಟುಹೋದ. ಸೊಸೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

ಅವಳು ಕೆಲಸ ಮಾಡುತ್ತಿದ್ದುದು ಸೋಪು, ಬಿಸ್ಕತ್ತುಗಳ ಹೊದಿಕೆ ಅಚ್ಚು ಹಾಕುವ ಮುದ್ರಣಾಲಯದಲ್ಲಿ. ಅಚ್ಚಾಗಿ ಬಂದ ಹಾಳೆಯ ಬಣ್ಣ ಮಾದರಿಯ ಬಣ್ಣಕ್ಕೆ ಕೂಡುತ್ತದೋ ಇಲ್ಲವೋ ಎಂದು ನೋಡುವುದೇ ಅವಳ ಕೆಲಸ. ಬಣ್ಣ ಅಂದಮೇಲೆ ತನ್ನ ಕೈಯಲ್ಲಾಗದ್ದೇನಿದೆ ಎಂದುಕೊಂಡು ಆಟದೊಳಗೆ ಮೈಬಣ್ಣ ಬದಲಿಸುವ ಪಟ್ಟಿಯನ್ನು ಹುಡುಕಿ, ಅದರ ಗುಂಡಿಯನ್ನು ಆಚೀಚೆ ಸರಿಸಿದಳು. ಮೈ ಗೋಧಿಬಣ್ಣಕ್ಕೆ ಬಂತು, ಮುಖ ಕಂದಿತು. ಮುಖ ಸರಿ ಮಾಡಿದರೆ ಮೈ ಬಿಳಿಚಿತು. ಎರಡೂ ಜೊತೆಯಲ್ಲೇ ಏರಿ ಜೊತೆಯಲ್ಲೇ ಇಳಿಯುತ್ತಿದ್ದವು, ನಡುವಿನ ಅಂತರ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಹಟ ಬಿಡದೆ ಚಹಾ ಆರುವ ತನಕ ಸರಿಸಿದಳು. ಕೊನೆಗೆ ನಡುಹಗಲಿನ ಬಿಸಿಲಲ್ಲಿ ಹೆಚ್ಚುಕಡಿಮೆ ಒಂದೇ ಅನ್ನಿಸುವ ಜಾಗಕ್ಕೆ ತಂದು ನಿಲ್ಲಿಸಿದಳು.

"ಆಯ್ತು ನೋಡಿ ಅತ್ತೆ."

ಅತ್ತೆ ಗಟ್ಟಿಗಿತ್ತಿಯನ್ನು ಒಂದು ಗುಹೆಯೊಳಗೆ ನಡೆಸಿ, ಗೋಡೆಗೆ ಸಿಕ್ಕಿಸಿದ್ದ ಪಂಜಿನ ಪಕ್ಕ ನಿಲ್ಲಿಸಿದರು. ಗೆರೆ ಮತ್ತೆ ಹಾಜರ್. ಮುಖ ಪಂಜಿನ ಬೆಳಕಿಗೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಕುತ್ತಿಗೆ ಬೂದಿಯಂತೆ ಮಂಕಾಗಿತ್ತು.

"ಬಿಸಿಲಲ್ಲಿ ಕೂಡಿದ್ದು ಇಲ್ಲಿ ಯಾಕೆ ಕೂಡ್ತಿಲ್ಲ?" ಅತ್ತೆ ಕೇಳಿದರು. ಕೇಳಿದ ರೀತಿಯಲ್ಲಿ ಆಕ್ಷೇಪಣೆಯಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಆಸೆಯಿತ್ತು.

ಸೊಸೆ ತನ್ನ ಹಣೆ ತಾನೇ ತಟ್ಟಿಕೊಂಡಳು. ಮುದ್ರಣಾಲಯದಲ್ಲಿ ದಿನಾ ನೋಡುವ ಸಂಗತಿಯೇ. ಒಂದು ದೀಪದಡಿ ಅವಳಿಜವಳಿಯಂತೆ ಕಾಣುವ ಎರಡು ಹಾಳೆ ಇನ್ನೊಂದು ದೀಪದಡಿ ಹಿಡಿದರೆ ದಾಯಾದಿಗಳಾಗಿಬಿಡುತ್ತವೆ. ಹಾಗಾದಾಗ ತಪ್ಪು ಶಾಯಿಯ ಅಳತೆಯಲ್ಲಿರುವುದಿಲ್ಲ, ಶಾಯಿಯೇ ಬೇರೆಯಾಗಿರುತ್ತದೆ.

"ಇದು ಹೆಚ್ಚುಕಡಿಮೆ ಮಾಡಿ ಸರಿಹೋಗೋದಲ್ಲ ಅತ್ತೆ. ಮುಖದ ಚರ್ಮಾನೇ ಬೇರೆ, ಮೈ ಚರ್ಮಾನೇ ಬೇರೆ. ಎರಡೂ ಬೇರೆ ಬೇರೆ ಮಾಡಿಂದ ಬಂದಿವೆ."

ಅತ್ತೆ ಕನ್ನಡಕ ಇಳಿಸಿಕೊಂಡರು. ಇಬ್ಬರೂ ಆಟದ ಅಭಿಮಾನಿಗಳ ಚರ್ಚಾತಾಣದಲ್ಲಿ ಓದುತ್ತ ಹೋದರು. ಆಟದ ಮನುಷ್ಯ ಒಂದೇ ತುಂಡಲ್ಲ, ತಲೆ, ಮೈ, ಕೈ, ಕಾಲು ಬಿಡಿಬಿಡಿ ಎಂದು ಗೊತ್ತಾಯಿತು. ಪ್ರತಿ ತುಂಡಿಗೂ ಚರ್ಮದ ಹಾಗೆ ಒಂದೊಂದು ಚಿತ್ರ ಸುತ್ತಿರುತ್ತದೆ. ಅದೂ ಒಂದಲ್ಲ: ಬಣ್ಣಕ್ಕೊಂದು, ಉಬ್ಬುತಗ್ಗಿಗೊಂದು, ಹೊಳಪಿಗೊಂದು. ಎರಡು ಮಾಡ್‌ಗಳು ಒಂದೇ ಹೆಸರಿನ ಚಿತ್ರ ತಂದರೆ, ಆಟ ಅವನ್ನು ಓದುವ ಸಾಲಿನಲ್ಲಿ ಹಿಂದೆ ನಿಂತದ್ದೇ ಗೆಲ್ಲುತ್ತದೆ, ಮುಂದಿನದನ್ನು ಮುಚ್ಚಿಬಿಡುತ್ತದೆ.

ಅತ್ತೆಯ ಸಾಲಿನಲ್ಲಿ ಮಾಡ್‌ಗಳ ಜಾತ್ರೆಯೇ ಇತ್ತು. ಚಿಟ್ಟೆ, ಚಂದ್ರ, ಒಲೆಯ ಹೊಗೆ, ಮಾತಾಡುವ ಮೇಕೆ.

"ಒಂದೊಂದಾಗಿ ತೆಗೆದು ನೋಡ್ತಾ ಹೋದ್ರೆ ವಾರ ಹಿಡಿಯುತ್ತೆ," ಎಂದಳು ಸೊಸೆ.

"ಒಂದೊಂದು ಯಾಕೆ? ಅರ್ಧ ತೆಗಿ."

ಅತ್ತೆ ನಿವೃತ್ತರಾಗುವ ತನಕ ಹೆಣ್ಣುಮಕ್ಕಳ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿದ್ದವರು. ತಂತಿ ಎಲ್ಲಿ ತುಂಡಾಗಿದೆ ಎಂದು ಹುಡುಕುವಾಗ ನಡುವಿನಲ್ಲಿ ಮುಟ್ಟಿ ನೋಡುವುದು ಅವರ ಅಭ್ಯಾಸ. ಅರ್ಧ ಮಾಡ್‌ಗಳನ್ನು ತೆಗೆದಿಟ್ಟು ಆಟ ಶುರು ಮಾಡಿದರು. ಗೆರೆ ಇತ್ತು. ಅಂದರೆ ಕಳ್ಳ ಉಳಿದ ಅರ್ಧದಲ್ಲಿದ್ದಾನೆ. ಅದರಲ್ಲಿ ಮತ್ತೆ ಅರ್ಧ ತೆಗೆದರು. ಗೆರೆ ಮಾಯ. ಹಾಗಾದರೆ ಈಗ ತೆಗೆದದ್ದರಲ್ಲೇ ಅವಿತಿದ್ದಾನೆ. ಪ್ರತಿ ಸಲವೂ ಆಟ ಏಳಲು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಇಬ್ಬರೂ ಪಂದ್ಯ ಕಟ್ಟಿದರು. ಸೊಸೆಗೆ ಮೇಕೆಯ ಮೇಲೆ ಅನುಮಾನ, ಅತ್ತೆಗೆ ಚಂದ್ರನ ಮೇಲೆ.

ಕಳ್ಳ ಇಬ್ಬರ ಊಹೆಗೂ ಸಿಕ್ಕಲಿಲ್ಲ. ಅದೊಂದು ಉಣ್ಣೆಯ ಶಾಲು.

"ಅಯ್ಯೋ, ಬೆಟ್ಟದ ಮೇಲೆ ಇವಳಿಗೆ ಚಳಿ ಆಗುತ್ತೆ ಅಂತ ನಾನೇ ಹಾಕಿದ್ದು," ಎಂದರು ಅತ್ತೆ.

ಕಡತ ಬಿಚ್ಚಿ ನೋಡಿದರು. ಶಾಲು ಭುಜದ ಮೇಲೆ ಚೆನ್ನಾಗಿ ಕೂರಲಿ ಎಂದು ಮಾಡಿದವನು ಅದರ ಜೊತೆಗೆ ತನ್ನದೇ ಒಂದು ಮೈಯನ್ನೂ ಸೇರಿಸಿ ಕಳಿಸಿದ್ದ. ಅದು ಸದ್ದಿಲ್ಲದೆ ಗಟ್ಟಿಗಿತ್ತಿಯ ಮೈಯನ್ನು ಮುಚ್ಚಿ ಕೂತಿತ್ತು. ಶಾಲನ್ನು ಸಾಲಿನಲ್ಲಿ ಮುಂದಕ್ಕೆ ಸರಿಸಿ, ಮೊದಲಿನ ಚರ್ಮವನ್ನು ಅದರ ಹಿಂದೆ ನಿಲ್ಲಿಸಿದರು. ಬಿಸಿಲಲ್ಲೂ ಗುಹೆಯಲ್ಲೂ ಒಂದೇ ಬಣ್ಣ. ಶಾಲೂ ಉಳಿಯಿತು.

"ಮುಗೀತು," ಎಂದು ಸೊಸೆ ಏಳಹೊರಟಳು.

"ತಾಳು ತಾಳು. ಅವಳ ಕೈ ನೋಡು."

ಗಟ್ಟಿಗಿತ್ತಿ ಗಿಡ ಕೀಳಲು ಬಗ್ಗಿದ್ದಳು. ಬಣ್ಣವೇನೋ ಮುಖದ್ದೇ. ಆದರೆ ಕೈ ಇಪ್ಪತ್ತರ ಹುಡುಗಿಯದು. ಬೆಣ್ಣೆಯಂಥ ನುಣುಪು, ಗುಲಾಬಿ ಉಗುರು. ಮುಖದ ಸುಕ್ಕುಗಳೂ ಗದ್ದದ ಹತ್ತಿರ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ನಿಂತುಹೋಗಿದ್ದವು.

"ಮೊದಲಿಂದಾನೂ ಹೀಗೇ ಇತ್ತೇನೋ. ಗೆರೆ ಹುಡುಕೋಕೆ ಹೋಗಿ ಈಗ ಕಣ್ಣಿಗೆ ಬಿತ್ತು," ಎಂದರು ಅತ್ತೆ. "ಈ ಆಟ ಮಾಡಿದವರು ವಯಸ್ಸಾದ ಮುಖ ಮಾಡಿದಾರೆ, ಮೈ ಮಾತ್ರ ಎಲ್ಲರಿಗೂ ಒಂದೇ."

"ಮುಖಾನೇ ಚಿಕ್ಕ ವಯಸ್ಸಿಂದು ಮಾಡಿಬಿಟ್ರೆ?"

"ಆಗ ಅದು ಗಟ್ಟಿಗಿತ್ತಿ ಅಲ್ವಲ್ಲ."

ವಯಸ್ಸಾದ ಕೈಯ ಮಾಡ್ ಇದೆಯೇ ಎಂದು ಹುಡುಕಿದರು. ತೋಳದ ಕೈ ಸಿಕ್ಕಿತು, ಅಸ್ಥಿಪಂಜರದ ಕೈ ಸಿಕ್ಕಿತು, ಹಚ್ಚೆ ಹಾಕಿಸಿಕೊಂಡ ಕೈಗಳು ರಾಶಿ ಸಿಕ್ಕಿದವು. ವಯಸ್ಸಾದ ಹೆಂಗಸಿನ ಕೈ ಸಿಕ್ಕಲಿಲ್ಲ.

ಸೊಸೆ ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿ, "ನಿಮ್ಮ ಕೈ ಕೊಡಿ ಅತ್ತೆ," ಎಂದಳು.

ಫೋಟೊ ತೆಗೆಯಲೆಂದು ಕಿಟಕಿಯ ಬಳಿ ಬಿಳಿ ಹಾಳೆ ಹಾಸಿ ಅದರ ಮೇಲೆ ಅತ್ತೆಯ ಕೈ ಇರಿಸಿದಳು. ಬಿಸಿಲಿಗೆ ಗಾಢ ನೆರಳು ಬೀಳದಂತೆ ಕಿಟಕಿಯ ತೆಳು ಪರದೆ ಎಳೆದಳು. ಬೆರಳುಗಳನ್ನು ತಾನೇ ಹಿಡಿದು ಅಗಲಿಸಿದಳು. ಈ ಕೈಯನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು ಎಂದು ಆಗ ಹೊಳೆಯಿತು. ಉಬ್ಬಿದ ಹಸಿರು ನರಗಳು, ಗೆಣ್ಣುಗಳ ಮೇಲೆ ಮಡಿಕೆ, ಕಂದು ಚುಕ್ಕೆಗಳು. ಬಲ ಮಣಿಕಟ್ಟಿನ ಮೇಲೆ ಅಂಕುಡೊಂಕಾದ ಹಳೆಯ ಗಾಯದ ಗುರುತು.

"ಇದೇನು? ಪ್ರಯೋಗಾಲಯದಲ್ಲಿ ಆಗಿದ್ದಾ?"

"ಅಲ್ಲ." ಅತ್ತೆ ನಕ್ಕರು. "ಆಗಿನ್ನೂ ಮದುವೆ ಆಗಿರ್ಲಿಲ್ಲ. ಬಾಲದ ಚುಕ್ಕಿ ಬಂದಿದೆ ಅಂತ ಎಲ್ಲರೂ ಹೇಳ್ತಿದ್ರು. ನಮ್ಮ ಮನೆಯಿಂದ ಕಾಣ್ತಿರ್ಲಿಲ್ಲ. ಯಾರಿಗೂ ಹೇಳ್ದೆ ನೀರಿನ ಟ್ಯಾಂಕಿನ ಏಣಿ ಹತ್ತಿದೆ. ಇಳಿಯುವಾಗ ಜಾರಿ ಕಬ್ಬಿಣ ತಾಗ್ತು."

"ಚುಕ್ಕಿ ಕಾಣ್ತಾ?"

ಅತ್ತೆ ತಲೆಯೆತ್ತಿ ನೋಡಿದರು. "ಈ ಕಥೆ ಕೇಳಿದವರೆಲ್ಲ ಹೊಲಿಗೆ ಎಷ್ಟು ಹಾಕಿದ್ರು ಅಂತ ಕೇಳಿದಾರೆ. ಚುಕ್ಕಿ ಕಾಣ್ತಾ ಅಂತ ಕೇಳಿದವಳು ನೀನೊಬ್ಬಳೇ. ಕಾಣ್ತು. ಸೀಮೆಸುಣ್ಣದಲ್ಲಿ ಗೀಚಿ ಒರೆಸಿದ ಹಾಗಿತ್ತು."

ಕೈಯ ಚಿತ್ರವನ್ನು ಗಟ್ಟಿಗಿತ್ತಿಗೆ ತೊಡಿಸುವುದು ಅಂದುಕೊಂಡಷ್ಟು ಸಲೀಸಾಗಲಿಲ್ಲ. ಆಟದೊಳಗಿನ ಕೈಯ ಚರ್ಮ ಹೊಲಿಗೆ ಬಿಚ್ಚಿ ಚಪ್ಪಟೆ ಹರಡಿದ ಕೈಗವುಸಿನಂತಿತ್ತು. ಅದರ ಮೇಲೆ ಅಳತೆಗೆ ಸರಿಯಾಗಿ ತುಂಡು ತುಂಡೇ ಕೂರಿಸಬೇಕು. ಮೊದಲ ಸಲ ಹೆಬ್ಬೆರಳಿನ ಉಗುರು ಅಂಗೈ ಕಡೆ ಬಂತು. ಎರಡನೆಯ ಸಲ ಎಲ್ಲವೂ ಅದರದರ ಜಾಗದಲ್ಲಿ ಕೂತರೂ ಕೈ ಮಾತ್ರ ಗೋಡೆಗಂಟಿಸಿದ ಕ್ಯಾಲೆಂಡರಿನಂತೆ ಕಾಣುತ್ತಿತ್ತು. ಉಬ್ಬುತಗ್ಗಿನ ಚಿತ್ರ ಹಳೆಯದೇ ಉಳಿದಿದೆ ಎಂದು ಅತ್ತೆ ನೆನಪಿಸಿದರು. ಅದನ್ನೂ ಮಾಡಿ ಹಾಕಿದರೆ ನರಗಳು ಉಬ್ಬುವ ಬದಲು ಒಳಗೆ ಕುಸಿದು, ಕೈತುಂಬ ಕಾಲುವೆ ತೋಡಿದ ಹಾಗಾಯಿತು.

"ಬೆಳಕು ಮೇಲಿಂದ ಬರುತ್ತೆ ಅಂತ ನೀನು ಮಾಡಿದೀಯ. ಆಟ ಕೆಳಗಿಂದ ಅಂತ ಓದ್ಕೋತಿದೆ," ಎಂದು ಅತ್ತೆ ಒಂದು ಪೆನ್ಸಿಲನ್ನು ದೀಪದ ಕೆಳಗೆ ಹಿಡಿದು, ಬೆಳಕಿನ ದಿಕ್ಕು ಬದಲಾದರೆ ಉಬ್ಬು ಹೇಗೆ ತಗ್ಗಾಗಿ ಕಾಣುತ್ತದೆಂದು ತೋರಿಸಿದರು. ಸೊಸೆ ಉಬ್ಬುತಗ್ಗಿನ ಚಿತ್ರದಲ್ಲಿ ಬೆಳಕಿನ ದಿಕ್ಕು ಹೇಳುವ ಪದರವನ್ನು ತಲೆಕೆಳಗು ಮಾಡಿದಳು. ನರಗಳು ಮೇಲೆದ್ದವು.

ಕುತ್ತಿಗೆಯ ಕೆಲಸ ಮುಂದಿನ ಕೆಲವು ಸಂಜೆಗಳನ್ನು ತಿಂದಿತು. ಮುಖದ ಅಂಚಿನ ಬಣ್ಣವನ್ನು ಕುತ್ತಿಗೆಯ ಅಂಚಿಗೆ ತಂದು, ಸುಕ್ಕುಗಳನ್ನು ಕೆಳಗಿನವರೆಗೆ ಎಳೆದು ತೆಳುವಾಗಿಸುತ್ತ ಹೋಗುವುದರಲ್ಲಿ ಸೊಸೆಯ ಕಣ್ಣು ಪಳಗಿತ್ತು. ಮುದ್ರಣಾಲಯದಿಂದ ಬಂದವಳೇ ಚಪ್ಪಲಿ ಬಿಟ್ಟು ನೇರ ಅತ್ತೆಯ ಕೋಣೆಗೆ ಹೋಗುತ್ತಿದ್ದಳು. ಅಡುಗೆಮನೆಯಲ್ಲಿ ಗಂಡ ಅನ್ನಕ್ಕಿಟ್ಟು ಎಷ್ಟು ನೀರು ಎಂದು ಕೂಗಿ ಕೇಳಿದರೆ ಒಳಗಿನಿಂದ ಇಬ್ಬರೂ ಬೇರೆ ಬೇರೆ ಅಳತೆ ಹೇಳುತ್ತಿದ್ದರು.

ಕೊನೆಗೊಂದು ಸಂಜೆ ಗಟ್ಟಿಗಿತ್ತಿ ಗುಹೆಯಲ್ಲಿ ಪಂಜಿನ ಮುಂದೆ ನಿಂತಳು. ಅತ್ತೆ ಅವಳನ್ನು ಸುತ್ತಿ ಸುತ್ತಿ ನೋಡಿದರು. ಗೆರೆಯಿಲ್ಲ. ಕುತ್ತಿಗೆ ಮುಖದಷ್ಟೇ ಹಳೆಯದು. ಪಂಜಿನತ್ತ ಚಾಚಿದ ಕೈ ಅತ್ತೆಯದೇ. ಆದರೆ ಮಣಿಕಟ್ಟಿನ ಗುರುತು ಎರಡೂ ಕೈಗಳಲ್ಲಿತ್ತು. ಒಂದೇ ಚಿತ್ರವನ್ನು ಆಟ ಬಲಕ್ಕೂ ಎಡಕ್ಕೂ ಬಳಸುತ್ತದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

"ಅಳಿಸ್ಲಾ?" ಎಂದಳು ಸೊಸೆ.

"ಬೇಡ. ಇವಳು ಏಣಿ ಎರಡು ಸಲ ಹತ್ತಿದಾಳೆ ಅಂದ್ಕೋ."

ತಮ್ಮಷ್ಟಕ್ಕೇ ಇಟ್ಟುಕೊಳ್ಳುವುದೇಕೆಂದು ಆ ಕೈಯನ್ನು ಒಂದು ಮಾಡ್ ಮಾಡಿ ಚರ್ಚಾತಾಣಕ್ಕೂ ಹಾಕಿದರು. ಕೆಲವು ದಿನ ಯಾರೂ ತಿರುಗಿ ನೋಡಲಿಲ್ಲ. ಸೊಸೆ ಕೆಲಸದ ನಡುವೆ ಕದ್ದು ಫೋನ್ ನೋಡುತ್ತಿದ್ದಳು, ಮನೆಗೆ ಬಂದರೆ ಅತ್ತೆಯೂ ನೋಡಿಯೇ ಇರುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಇಳಿಸಿಕೊಳ್ಳತೊಡಗಿದರು. ಒಬ್ಬ ತನ್ನ ಆಟದಲ್ಲಿ ಊರಿನ ಮುದುಕಿಯರಿಗೆಲ್ಲ ಈ ಕೈ ಬಂದು, ರೊಟ್ಟಿ ಮಾರುವವಳನ್ನು ಮೊದಲ ಸಲ ನಿಂತು ನೋಡಿದೆ ಎಂದು ಬರೆದಿದ್ದ. ಇನ್ನೊಬ್ಬ ನರಗಳು ಅತಿಯಾದವು ಎಂದು ಮೂಗು ಮುರಿದಿದ್ದ. ಅದನ್ನು ಓದಿ ಅತ್ತೆ ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, "ಅತಿ ಏನಿಲ್ಲ, ಇರೋದೇ ಇಷ್ಟು," ಎಂದರು.

ಒಬ್ಬಳು ಮಾತ್ರ ಉದ್ದಕ್ಕೆ ಬರೆದಿದ್ದಳು. ಅವಳ ತಾಯಿಯೂ ಈ ಆಟ ಆಡುತ್ತಾರಂತೆ. ಅವರ ಪಾತ್ರ ನದಿಯ ದಡದಲ್ಲಿ ಬರಿಗಾಲಲ್ಲಿ ನಡೆಯುತ್ತದಂತೆ. ಕೈ ನೋಡಿ ತುಂಬ ಸಂತೋಷಪಟ್ಟು, ಪಾದವೂ ಇದೆಯೇ ಎಂದು ಕೇಳುತ್ತಿದ್ದಾರಂತೆ.

ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಪಾದ ನೋಡಿದಳು.

"ಹಿಮ್ಮಡಿ ಒಡೆದಿದೆ ಕಣೇ."

"ಇರಲಿ ಅತ್ತೆ, ಹಾಗೇ ಬರಲಿ," ಎಂದು ಸೊಸೆ ಬಿಳಿ ಹಾಳೆ ತರಲು ಎದ್ದಳು.